ಮಾತಿನ ಎಡೆ

ಹಾರನಹಳ್ಳಿಯ ಚಿಕ್ಕಬೀರಮ್ಮ ಒಲೆಯ ಮುಂದೆ ಕೂತು ಮುದ್ದೆ ತಿರುವುವಾಗ ಮನೆಯಲ್ಲಿ ಇರುತ್ತಿದ್ದವಳು ಅವಳೊಬ್ಬಳೇ. ಬೀದಿಗೆ ಮಾತ್ರ ಒಂದು ಗುಂಪಿನಷ್ಟು ಜನರ ಮಾತು ಕೇಳಿಸುತ್ತಿತ್ತು. ಎಸರು ಕುದಿಯುವಾಗ ಅಂಬಿಗನಾಗಿ ಕೂಗುತ್ತಿದ್ದಳು, ಕೋಲು ಆಡಿಸುವಾಗ ಊರು ಬಿಡಲೊಲ್ಲದ ಮುದುಕನಾಗಿ ಗೊಣಗುತ್ತಿದ್ದಳು, ಮುದ್ದೆ ಕಟ್ಟಿ ತಟ್ಟೆಗೆ ಇಡುವ ಹೊತ್ತಿಗೆ ತಾಯಿಯಾಗಿ ಎಲ್ಲರನ್ನೂ ಹರಸಿ ಸುಮ್ಮನಾಗುತ್ತಿದ್ದಳು. ಊರಿಗೆ ಹೊಸಬರಾದವರು ಬಾಗಿಲಲ್ಲಿ ಒಂದು ಗಳಿಗೆ ನಿಂತು ಕಿವಿಗೊಡುವರು. ಹಳಬರು ನಿಲ್ಲುತ್ತಿರಲಿಲ್ಲ. "ಬ್ಯಾರನ್ ನಾಟಕದೋಳು ಕಣ್ಲಾ, ಅವಳ ಮನೇಲಿ ದಿನಾ ಅಂಗೇ" ಎಂದು ನಡೆದುಬಿಡುವರು.

ಈ ಸಲ ಕಾರ್ತಿಕ ಹತ್ತಿರಕ್ಕೆ ಬಂದಾಗ ಆ ದನಿಗಳಲ್ಲಿ ಒಂದು ನಿಂತುಹೋಯಿತು. ಅಂಬಿಗನ ಮಾತು ಬರುವ ಕಡೆ ಚಿಕ್ಕಬೀರಮ್ಮ ಕೋಲು ಹಿಡಿದ ಕೈಯನ್ನೂ ನಿಲ್ಲಿಸಿ ಬೆಂಕಿ ನೋಡುತ್ತಾ ಕೂರುತ್ತಿದ್ದಳು. ಮುದ್ದೆ ಎಷ್ಟೋ ಸಲ ತಳ ಹಿಡಿಯಿತು. ಅಂಬಿಗನ ಮಾತು ಆಡುತ್ತಿದ್ದ ಕಂಠಪ್ಪ ಆಷಾಢದಲ್ಲಿ ತೀರಿಕೊಂಡಿದ್ದ. ಕಾರ್ತಿಕದ ಕಡೇ ಸೋಮವಾರ ಬೀಚನಹಳ್ಳಿಯ ಗುಡಿಯ ಮುಂದೆ ಅವನ ಮಾತಿಗೆ ಎಡೆ ಇಡಬೇಕಿತ್ತು. ಇಡುವುದಕ್ಕೆ ನಾಟಕದ ಬಳಗದಲ್ಲಿ ಜನ ಉಳಿದಿರಲಿಲ್ಲ.

ಬಳಗ ಹುಟ್ಟಿದ್ದು ಕಂಠಪ್ಪನ ಬ್ಯಾರನ್ನಿನಲ್ಲಿ, ಹೊಗೆಸೊಪ್ಪು ಬೇಯಿಸಿ ಒಣಗಿಸುವ ಮನೆಯಲ್ಲಿ. ಸೊಪ್ಪು ಬೇಯಿಸುವ ಕಾಲಕ್ಕೆ ಬ್ಯಾರನ್ನಿನ ಒಲೆ ಆರಕೂಡದು, ಉರಿ ಹೆಚ್ಚಲೂ ಕೂಡದು. ಬೆಳಕು ಹರಿಯುವವರೆಗೆ ಯಾರಾದರೂ ಎದ್ದಿರಲೇಬೇಕು. ನಿದ್ದೆಯನ್ನು ದೂರವಿಡಲು ಕಂಠಪ್ಪ ಕತೆ ಹೇಳುತ್ತಿದ್ದ. ಸೌದೆ ಸೀಳಲು ಕಾಕನಕೋಟೆ ಕಾಡಿನ ಹಾಡಿಯಿಂದ ಬರುತ್ತಿದ್ದ ಮುತ್ತ ಆ ಕತೆಯಲ್ಲಿ ಬರುವ ಮುದುಕನ ಹಾಗೆ ಮಾತಾಡಿ ತೋರಿಸುತ್ತಿದ್ದ. ಕನಕರಾಜು ತಗಡಿನ ಡಬ್ಬ ಬಡಿಯುತ್ತಿದ್ದ. ಕೋಲಿಗೆ ಎಲೆ ಪೋಣಿಸುವ ಹೆಣ್ಣಾಳುಗಳಲ್ಲಿ ಚಿಕ್ಕಸಿದ್ದಮ್ಮ ಹಾಡಿನ ಸೊಲ್ಲೆತ್ತುತ್ತಿದ್ದಳು. ಇನ್ನೂ ಹರೆಯದ ಚಿಕ್ಕಬೀರಮ್ಮ ಎಲೆ ಪೋಣಿಸುತ್ತಲೇ ಎಲ್ಲರ ಮಾತನ್ನೂ ಎದೆಗೆ ಇಳಿಸಿಕೊಳ್ಳುತ್ತಿದ್ದಳು. ಹಾಗೆ ಆದದ್ದು ಒಂದು ನಾಟಕ. ಕಬಿನಿಗೆ ಕಟ್ಟೆ ಕಟ್ಟಿದಾಗ ಮುಳುಗಿದ ಒಂದು ಊರು, ಆ ಊರಿನವರು ಒನಕೆ ಒರಳು ಸಮೇತ ಎಲ್ಲವನ್ನೂ ಹೊತ್ತು ಹೊರಟದ್ದು, ಗುಡಿಯ ತಾಯಿಯನ್ನು ಮಾತ್ರ 'ಬರ್ತೀಯಾ' ಎಂದು ಕೇಳುವುದನ್ನು ಮರೆತದ್ದು, ಒಬ್ಬ ಅಂಬಿಗ ಅವಳನ್ನು ಕರೆದು ತರಲು ದೋಣಿ ತಿರುಗಿಸಿದ್ದು, ಇಷ್ಟೇ ಕತೆ.

ಅದನ್ನು ಹೊತ್ತುಕೊಂಡು ಅವರು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಊರೂರು ತಿರುಗಿದರು. ಟಿಕೆಟ್ಟು ಇರಲಿಲ್ಲ. ಊರವರು ಊಟ ಹಾಕಿ, ಮಲಗಲು ಶಾಲೆಯ ಜಗಲಿ ಕೊಟ್ಟರೆ ಆಯಿತು. ಬಟ್ಟೆಗೆ ಹತ್ತಿದ ಹೊಗೆಸೊಪ್ಪಿನ ವಾಸನೆಯಿಂದಲೇ ಜನ ಗುರುತು ಹಿಡಿದು ಬ್ಯಾರನ್ ನಾಟಕದೋರು ಎಂದು ಹೆಸರಿಟ್ಟರು. ಬೇರೆ ಹೆಸರು ಅವರೂ ಹುಡುಕಲಿಲ್ಲ.

ಬಳಗದಲ್ಲಿ ಯಾರಿಗೂ ಇಂಥದೇ ಪಾತ್ರ ಎಂದಿರಲಿಲ್ಲ. ಎಲ್ಲರಿಗೂ ಎಲ್ಲರ ಮಾತೂ ಬರಬೇಕು, ಕರೆದ ದಿನ ಕರೆದ ಪಾತ್ರಕ್ಕೆ ನಿಲ್ಲಬೇಕು. ಇದರಿಂದ ಬೇರೆ ಎಲ್ಲೂ ಕಾಣದ ಒಂದು ತಪ್ಪು ಇವರಲ್ಲಿ ಹುಟ್ಟಿತು. ಒಬ್ಬರು ಮಾತಾಡುವಾಗ ಪಕ್ಕದಲ್ಲಿ ಸುಮ್ಮನೆ ನಿಂತವರ ತುಟಿ ತಾನೇ ಆಡಿಬಿಡುವುದು. ನೋಡುವವರ ಕಣ್ಣು ಅತ್ತ ಹೋದರೆ ಆಟ ಕೆಟ್ಟಿತು. ಉಳಿದವರೆಲ್ಲ ಹೇಗೋ ತಿದ್ದಿಕೊಂಡರು, ಮುತ್ತ ತಿದ್ದಿಕೊಳ್ಳಲಿಲ್ಲ.

"ತುಟಿ ಆಡಿಸಬ್ಯಾಡ ಕಣ್ಲಾ ಮುತ್ತ, ಜನ ನಿನ್ನೇ ನೋಡ್ತಾರೆ" ಎಂದು ಕಂಠಪ್ಪ ಬೈಯುವನು.

"ನಾನೆಲ್ಲಿ ಆಡಿಸ್ದೆ ಕಣಣ್ಣ, ಅದೇ ಆಡ್ತದೆ. ನೀನೇ ಒಂದ್ ಮಾತು ಏಳು ಅದ್ಕೆ."

ತುಟಿಯ ನಡುವೆ ಕಚ್ಚಿಕೊಂಡಿರು ಎಂದು ಕಂಠಪ್ಪ ಅಡಿಕೆ ಹೋಳು ಕೊಟ್ಟರೆ ಮುತ್ತ ಎಲೆ ಸುಣ್ಣ ಕೇಳಿ ಇಸಕೊಂಡು ಮೆದ್ದುಬಿಡುವನು. ಕೊನೆಗೆ ಹೆಗಲ ಮೇಲಿನ ಟವಲನ್ನು ಬಾಯಿಗೆ ಅಡ್ಡ ಹಿಡಿದು ನಿಲ್ಲುವುದೆಂದು ತೀರ್ಮಾನವಾಯಿತು. ಊರು ಬಿಡುವ ದುಃಖಕ್ಕೆ ಮುದುಕ ಬಾಯಿ ಮುಚ್ಚಿಕೊಂಡಿದ್ದಾನೆ ಎಂದು ಜನ ತಿಳಿದು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಎಡೆಯ ಪದ್ಧತಿ ಬಂದದ್ದು ಕನಕರಾಜು ಸತ್ತ ವರ್ಷ. ಅವನು ಕಡೆಯ ಸಲ ಆಡಿದ್ದ ಮಾತು ಎಲ್ಲರಿಗೂ ಬಾಯಿಪಾಠ. ಆದರೂ ಕಾರ್ತಿಕದ ಕಡೇ ಸೋಮವಾರ ತಪ್ಪದೆ ಆಡುತ್ತಿದ್ದ ಬೀಚನಹಳ್ಳಿಯ ಗುಡಿ ಮುಂದೆ ಆ ಮಾತಿನ ಜಾಗ ಬಂದಾಗ ಯಾರ ಬಾಯೂ ಏಳಲಿಲ್ಲ. ಎಲ್ಲರೂ ತಲೆ ತಗ್ಗಿಸಿ, ಆ ಮಾತನ್ನು ಉಸಿರೊಳಗೇ ಹೇಳಿಕೊಂಡು, ಅದು ಮುಗಿದ ಮೇಲೆ ಮುಂದಿನ ಮಾತು ಎತ್ತಿಕೊಂಡರು. ಆಟ ಮುಗಿದಾಗ ಕನಕರಾಜುವಿನ ತಾಯಿ ಬಂದು ಕಂಠಪ್ಪನ ಕೈ ಹಿಡಿದು, "ಪಿತೃಪಕ್ಷದಲ್ಲಿ ನಾನ್ ಎಲೆ ಆಕಿ ಎಡೆ ಇಕ್ಕಿದ್ದೆ, ನೀವು ಮಾತ್ನಲ್ಲಿ ಇಕ್ಕಿದ್ರಿ. ನನ್ ಮಗ ಉಂಡ ಕಣಪ್ಪ" ಎಂದಳು. ಅಂದಿನಿಂದ ಬಳಗದಲ್ಲಿ ಯಾರು ಹೋದರೂ ಅವರು ಹೋದ ಮೇಲಿನ ಮೊದಲ ಕಾರ್ತಿಕದಲ್ಲಿ ಅವರ ಮಾತು ಅವರದ್ದೇ. ಯಾರೂ ಮುಟ್ಟುವಂತಿಲ್ಲ. ಮಾರನೆಯ ವರ್ಷ ಅದು ಮತ್ತೆ ಬಳಗದ ಮಾತು, ಯಾರು ಬೇಕಾದರೂ ಆಡಬಹುದು.

ಹೀಗೆ ಎಡೆ ಇಡುತ್ತಾ ಇಡುತ್ತಾ ಬಳಗ ಸವೆಯಿತು. ಕೆಲವರು ಸತ್ತರು, ಕೆಲವರು ದೂರವಾದರು, ಹೊಸಬರು ಬರಲಿಲ್ಲ. ಬ್ಯಾರನ್ನಿನಲ್ಲಿ ಈಗ ಕೇರಳದಿಂದ ಬಂದು ಗದ್ದೆ ಗುತ್ತಿಗೆ ಹಿಡಿದವರು ಶುಂಠಿ ತುಂಬಿದ್ದರು. ಕಡೆಯ ವರ್ಷಗಳಲ್ಲಿ ಕಂಠಪ್ಪ ಅಂಬಿಗ, ಮುತ್ತ ಮುದುಕ, ಚಿಕ್ಕಬೀರಮ್ಮ ತಾಯಿ ಎಂದು ಮೂವರೇ ನಿಂತು ಆಡಿದ್ದರು. ಕಂಠಪ್ಪನ ಮಣ್ಣಿಗೆ ಮುತ್ತ ಬರಲಿಲ್ಲ. ಫೋನು ಮಾಡಿದರೆ ಸಿಗಲಿಲ್ಲ. ಅಷ್ಟು ದಿನ ಒಟ್ಟಿಗೆ ಉಂಡವನು ಒಂದು ಹಿಡಿ ಮಣ್ಣು ಹಾಕಲು ಬರಲಿಲ್ಲವಲ್ಲ ಎಂಬ ನೋವು ಚಿಕ್ಕಬೀರಮ್ಮನಿಗೆ ಆರಿರಲಿಲ್ಲ. ಹಾಗಾಗಿ ಅವಳು ಮೊದಲು ಹೋದದ್ದು ಕೆ.ಆರ್. ನಗರಕ್ಕೆ, ಮಗಳ ಮನೆ ಸೇರಿದ್ದ ಚಿಕ್ಕಸಿದ್ದಮ್ಮನ ಹತ್ತಿರ.

ಚಿಕ್ಕಸಿದ್ದಮ್ಮ ಟಿವಿ ಮುಂದೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. "ಬಾ ಬಾ, ಕಂಪನಿ ಓನರಮ್ಮ" ಎಂದು ನಗಾಡಿದಳು.

"ಒಂದಿನ ಬಾರೆ ಸಿದ್ದಮ್ಮ. ಮಾತಾಡ್ಬ್ಯಾಡ, ಸುಮ್ಕೆ ನಿಂತ್ಕೊ ಸಾಕು. ಕಂಠಪ್ಪಣ್ಣಂಗೆ ಎಡೆ ಆಗ್ಲಿ."

"ನಿಂತ್ಕೊಳಕ್ಕೇ ಆಗದು ಕಣೆ. ಮಂಡಿ ನೋಡು, ಕಡುಬಿನಂಗೆ ಊದೈತೆ. ಕೆಳಗೆ ಕುಂತ್ರೆ ಏಳಕ್ಕೆ ಇಬ್ರು ಬೇಕು."

"ಕುರ್ಚಿ ಆಕಿಸ್ತೀನಿ."

"ನೀರಲ್ಲಿ ಮುಳುಗಿರೋ ಊರ್ನಾಗೆ ಕುರ್ಚಿ ಎಲ್ಲಿಂದ ಬತ್ತದೆ?" ಎಂದು ನಕ್ಕವಳು ಆಮೇಲೆ ನಗು ನಿಲ್ಲಿಸಿ, ಸುಲಿದ ಕಾಳನ್ನು ಬೆರಳಲ್ಲಿ ಕೆದಕುತ್ತಾ ಹೇಳಿದಳು: "ನಿಜ ಏಳ್ಲಾ ಬೀರಿ? ನಂಗೀಗ ಒಂದು ಸೊಲ್ಲೂ ಗ್ಯಾನ ಇಲ್ಲ. ಅಲ್ಲಿ ಬಂದು ನಿಂತು ಏನೂ ನೆಪ್ಪಾಗ್ದೆ ಓದ್ರೆ ಅಣ್ಣಂಗೆ ಖಾಲಿ ಎಲೆ ಆಕ್ದಂಗೆ ಆಯ್ತದೆ. ಅದು ಬ್ಯಾಡ. ನೀನೊಬ್ಳೇ ಮಾಡ್ಬುಡು."

ವಾಪಸು ಬರುವ ಬಸ್ಸಿನಲ್ಲಿ ಚಿಕ್ಕಬೀರಮ್ಮ ಅದನ್ನೇ ಯೋಚಿಸಿದಳು. ಒಬ್ಬಳೇ ಆಡಬಹುದು, ಎಲ್ಲರ ಮಾತೂ ಇದೆ. ಆದರೆ ಒಬ್ಬಳೇ ನಿಂತು ನಡುವೆ ಸುಮ್ಮನಾದರೆ ಜನ ಪಾಪ, ಮುದುಕಿ ಮಾತು ಮರೆತಳು ಎನ್ನುತ್ತಾರೆ. ಯಾರಾದರೂ ಅನುಕಂಪದಿಂದ ಕೆಮ್ಮುತ್ತಾರೆ. ಇಬ್ಬರು ನಿಂತು, ಇಬ್ಬರೂ ಒಟ್ಟಿಗೆ ಸುಮ್ಮನಾದರೆ ಮಾತ್ರ ಅದು ಎಡೆ ಎಂದು ಗೊತ್ತಾಗುತ್ತದೆ. ಕಂಠಪ್ಪನಿಗೆ ಇರುವುದು ಇದೊಂದೇ ಕಾರ್ತಿಕ. ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳು ಊರ ಕಡೆಯ ಬಸ್ಸು ಬಂದರೂ ಹತ್ತಲಿಲ್ಲ. ಕಲ್ಲು ಬೆಂಚಿನ ಮೇಲೆ ಕೂತು, ಸೆರಗಿನಲ್ಲಿ ಕೈ ಮುಚ್ಚಿಕೊಂಡು ಗುಡಿಯ ತಾಯಿಯನ್ನು ನೆನೆದಳು. ಆಮೇಲೆ ಎದ್ದು ಎಚ್.ಡಿ. ಕೋಟೆಯ ಬಸ್ಸು ಹತ್ತಿದಳು.

ಅಂತರಸಂತೆಯಲ್ಲಿ ಇಳಿದು, ಸಿಕ್ಕಿದ ಆಟೋದಲ್ಲಿ ಕೂತು, ಹಾಡಿಯ ದಾರಿಯಲ್ಲಿ ನಡೆದು ಮುತ್ತನ ಮನೆ ಮುಟ್ಟಿದಾಗ ಅವನ ಹೆಂಡತಿ ಕುಳ್ಳಿ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ನೋಡಿದಳು. ಬಾ ಎನ್ನಲಿಲ್ಲ.

"ಈಗ ದಾರಿ ಗೊತ್ತಾಯ್ತಾ ಅಕ್ಕ?"

"ದಾರಿ ಗೊತ್ತಿಲ್ದೆ ಇದ್ದೋನು ನಿನ್ ಗಂಡ ಕಣೆ. ಕಂಠಪ್ಪಣ್ಣನ ಮಣ್ಣಿಗೆ ಯಾಕ್ ಬರ್ನಿಲ್ಲ ಅಂತ ಕೇಳಕ್ಕೆ ಬಂದಿವ್ನಿ."

ಕುಳ್ಳಿ ಬಾಗಿಲ ಕಡೆ ಕೈ ತೋರಿಸಿದಳು. ಮುತ್ತ ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕೂತಿದ್ದ. ಬಲಗೈ ತೊಡೆಯ ಮೇಲೆ ಯಾರೋ ಇಟ್ಟು ಹೋದ ಸಾಮಾನಿನಂತೆ ಬಿದ್ದಿತ್ತು. ಬಾಯಿ ಒಂದು ಪಕ್ಕಕ್ಕೆ ಜಾರಿತ್ತು. ಚಿಕ್ಕಬೀರಮ್ಮನನ್ನು ಕಂಡು ಇನ್ನೊಂದು ಪಕ್ಕದಲ್ಲಿ ನಕ್ಕ.

"ಆಸಾಡದಾಗೆ ಲಕ್ವ ಒಡೀತು" ಎಂದಳು ಕುಳ್ಳಿ. "ಅಣ್ಣ ಓದ ಸುದ್ದಿ ಬಂದಾಗ ಇವ್ನು ಕೋಟೆ ಆಸ್ಪತ್ರೇಲಿದ್ದ. ಆವತ್ತಿಂದ ಒಂದ್ ಮಾತಿಲ್ಲ. ಒಳಗೆ ಎಲ್ಲಾ ಐತೆ ಕಣಕ್ಕ, ಬಾಗ್ಲು ತೆಗೆಯಕಿಲ್ಲ ಅಷ್ಟೇಯ. ಫೋನು ಮಾಡಾನ ಅಂದ್ರೆ ಅದೂ ಕೆಟ್ಟೋಗಿತ್ತು. ನೀನೇ ಬತ್ತೀಯ ಅಂದ್ಕಂಡು ಸುಮ್ಕಿದ್ದೆ. ನೀನೂ ಬರ್ನಿಲ್ಲ."

ಚಿಕ್ಕಬೀರಮ್ಮ ಹೊಸ್ತಿಲ ಮೇಲೆ ಕೂತಳು. ಇಷ್ಟು ತಿಂಗಳು ಹೊತ್ತುಕೊಂಡು ತಿರುಗಿದ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ತಿಳಿಯಲಿಲ್ಲ. ಅವಳು ಇಲ್ಲಿಗೆ ಕೇಳಲು ಬಂದ ಒಂದೇ ಒಂದು ವಸ್ತು ಮಾತು. ಅದು ಇಲ್ಲಿ ಇರಲಿಲ್ಲ. ಕುಳ್ಳಿ ಬೆಲ್ಲದ ಕಾಪಿ ತಂದುಕೊಟ್ಟಳು. ಕುಡಿದು, ಲೋಟ ಬೋರಲು ಹಾಕಿ, ಮುತ್ತನ ಕಡೆ ನೋಡದೆಯೇ ಹೇಳಿದಳು: "ಕಡೇ ಸೋಮವಾರ ಎಡೆ ಇಕ್ಕಬೇಕಾಗಿತ್ತು. ಓಗ್ಲಿ ಬುಡು. ತಾಯಿ ನಡೆಸ್ದಂಗೆ ಆಗ್ಲಿ."

ಅವಳು ಎದ್ದು ಅಂಗಳ ದಾಟುವಾಗ ಹಿಂದೆ ಏನೋ ಬಿದ್ದ ಸದ್ದಾಯಿತು. ಮುತ್ತ ಎಡಗೈಯಲ್ಲಿ ಗೋಡೆಯ ಗೂಟ ಹಿಡಿದು ಎದ್ದು ನಿಂತಿದ್ದ. ಗೂಟದಲ್ಲಿದ್ದ ಟವಲು ಅವನ ಹೆಗಲಿಗೆ ಬಂದಿತ್ತು, ಬೀಳಿಸಿದ ಚಪ್ಪಲಿ ಕಾಲ ಮುಂದಿತ್ತು.

"ಬತ್ತಾನಂತೆ" ಎಂದಳು ಕುಳ್ಳಿ.

"ಸೋಮವಾರ ಕಣ್ಲಾ, ಇವತ್ತಲ್ಲ."

"ಇವ್ನಿಗೆ ವಾರ ಯಾವ್ದಾದ್ರೇನು. ಕೂತ್ಕೊ ಮುದ್ಕ, ನಾನ್ ಕರ್ಕೊಂಡೋಯ್ತೀನಿ."

ಸೋಮವಾರ ಮಧ್ಯಾಹ್ನ ಬೀಚನಹಳ್ಳಿಯಲ್ಲಿ ಬಿಸಿಲು ಹಿತವಾಗಿತ್ತು. ಕಟ್ಟೆಯ ಕೆಳಗಿನ ಚಿಕ್ಕ ಗುಡಿಯ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕಿದ್ದರು. ಕಾಡಿನ ದಾರಿಯ ಗೇಟು ಸಂಜೆ ಮುಚ್ಚುವ ಮುಂಚೆ ಹಾಡಿಯವರು ಮನೆ ಸೇರಬೇಕಾದ್ದರಿಂದ ಈ ಆಟ ಯಾವಾಗಲೂ ಹಗಲಿನಲ್ಲೇ. ಗುಡಿಯ ಪೂಜೆ ಮಾಡುವ ಚನ್ನಬಸವಣ್ಣ ಹಣತೆಗಳಿಗೆ ಬತ್ತಿ ಹೊಸೆಯುತ್ತಾ ಕೂತಿದ್ದ. ಆಟೋ ಇಳಿದು ಕುಳ್ಳಿಯ ಹೆಗಲ ಮೇಲೆ ಭಾರ ಬಿಟ್ಟು ಬರುತ್ತಿದ್ದ ಮುತ್ತನನ್ನು ಕಂಡು ಅವನ ಕೈ ನಿಂತಿತು.

"ಇದೇನವ್ವ ಚಿಕ್ಕಬೀರಮ್ಮ, ಇಬ್ರೇಯ? ಅದ್ರಲ್ಲೂ ಅರ್ಧ."

"ಅರ್ಧ ಅಲ್ಲ ಕಣ್ರೀ, ಪೂರ್ತಿ ಅವ್ನೆ. ಬಾಗ್ಲು ಮಾತ್ರ ಕೆಟ್ಟೈತೆ."

"ಮೈಕು ಬೇಕಾ ಅಂತ ಹುಡುಗ್ರು ಕೇಳ್ತಿದ್ರು."

"ಎಡೆಗೆ ಯಾಕ್ ಮೈಕು" ಎಂದಳು ಚಿಕ್ಕಬೀರಮ್ಮ.

ಜನ ಹೆಚ್ಚಿರಲಿಲ್ಲ. ಊರಿನ ಕೆಲವು ಹೆಂಗಸರು, ನಾಲೆ ನೋಡಿಕೊಳ್ಳುವ ನೌಕರರು, ಪಾಳಿ ಮುಗಿಸಿ ರೆಸಾರ್ಟಿನ ಅಂಗಿಯಲ್ಲೇ ಬಂದ ಇಬ್ಬರು. ಎಳೆಯ ಪ್ರಾಯದಲ್ಲಿ ಇದೇ ಆಟವನ್ನು ತಾಯಂದಿರ ಮಡಿಲಲ್ಲಿ ನೋಡಿದವರು ಈಗ ಮಡಿಲಲ್ಲಿ ಮಕ್ಕಳನ್ನು ಹಾಕಿಕೊಂಡು ಕೂತಿದ್ದರು. ಚಿಕ್ಕಬೀರಮ್ಮ ಗುಡಿಯ ಬಾಗಿಲಿಗೆ ಹಣೆ ಹಚ್ಚಿದಳು. ಅವಳ ಹೆದರಿಕೆ ಒಂದೇ. ಇವತ್ತು ಅಂಗಳದಲ್ಲಿ ಎರಡು ಮೌನ ಇರುತ್ತವೆ. ಬದುಕಿರುವವನದ್ದು ಒಂದು, ಹೋದವನದ್ದು ಒಂದು. ನೋಡುವವರಿಗೆ ಎರಡೂ ಒಂದೇ ಆಗಿಬಿಟ್ಟರೆ ಕಂಠಪ್ಪನ ಎಲೆ ಯಾವುದು ಎಂದು ಯಾರಿಗೆ ಗೊತ್ತಾಗಬೇಕು? ಬಾಗಿಲಿಂದ ಹಣೆ ಎತ್ತುವಾಗ ಅವಳಿಗೆ ದಾರಿ ಹೊಳೆಯಿತು. ಮುತ್ತ ಬದುಕಿದ್ದಾನೆ. ಬದುಕಿರುವವರ ಮಾತನ್ನು ಬಳಗದಲ್ಲಿ ಯಾರು ಬೇಕಾದರೂ ಆಡಬಹುದು.

ಆಟ ಶುರುವಾಯಿತು. ಅವಳು ತಾಯಿಯ ಮಾತು ಆಡಿದಳು, ಮುತ್ತನ ಪಕ್ಕಕ್ಕೆ ಹೋಗಿ ಅವನ ಭುಜ ಮುಟ್ಟಿ ಮುದುಕನ ಮಾತೂ ಆಡಿದಳು. "ನನ್ನ ಅಪ್ಪ ನೆಟ್ಟ ಹುಣಸೆ ಮರ ಈಜು ಕಲಿತಿಲ್ಲ ಸ್ವಾಮಿ, ಅದನ್ನು ಬಿಟ್ಟು ಹೇಗೆ ಬರಲಿ" ಎಂದು ಅವಳು ಗೊಣಗಿದಾಗ ಮುತ್ತ ಎಡಗೈ ಎತ್ತಿ ಇಲ್ಲದ ಮರವನ್ನು ತೋರಿಸಿದ. ಹೆಂಗಸರು ನಕ್ಕರು. ಊರು ಖಾಲಿಯಾಯಿತು, ನೀರು ಬಂತು, ತಾಯಿ ಗುಡಿಯಲ್ಲಿ ಒಬ್ಬಳೇ ಕೂತಳು. ಇನ್ನು ಅಂಬಿಗನ ಕರೆ.

ಚಿಕ್ಕಬೀರಮ್ಮ ಮಾತು ನಿಲ್ಲಿಸಿದಳು. ಮುತ್ತನೂ ತಲೆ ತಗ್ಗಿಸಿ ನಿಂತ. ಕೂತವರಿಗೆ ಅರ್ಥವಾಯಿತು. ಒಬ್ಬಳು ಮಗುವಿನ ಬಾಯಿಗೆ ಬೆರಳಿಟ್ಟಳು. ಚನ್ನಬಸವಣ್ಣ ಹಣತೆ ಕೆಳಗಿಟ್ಟ. ಕಟ್ಟೆಯ ಕಡೆಯಿಂದ ನೀರಿನ ಮೊರೆತ ಮಾತ್ರ ಬರುತ್ತಿತ್ತು.

ಅದು ಉದ್ದದ ಕರೆ. ಅಂಬಿಗ ದೋಣಿಯಲ್ಲಿ ನಿಂತು ಊರಿನ ಒಬ್ಬೊಬ್ಬರ ಹೆಸರು ಹಿಡಿದು ಅವರು ದಡ ಸೇರಿದ್ದನ್ನು ತಾಯಿಗೆ ಹೇಳುತ್ತಾನೆ. ಅವಳು ಅದನ್ನು ಉಸಿರೊಳಗೆ ಹೇಳಿಕೊಳ್ಳಬೇಕಿತ್ತು. ಶುರು ಮಾಡಿದಳು. ಎರಡು ಹೆಸರಾದ ಮೇಲೆ ಮುಂದಿನದು ಬರಲಿಲ್ಲ. ಮುದ್ದೆ ತಿರುವುವಾಗ ಅಷ್ಟು ವರ್ಷ ತಪ್ಪದೆ ಬಂದ ಮಾತು ಈಗ ಎದೆಯಲ್ಲಿ ಹುಡುಕಿದರೆ ಅಲ್ಲಿ ಇರಲಿಲ್ಲ. ಇದು ಖಾಲಿ ಎಲೆ, ಚಿಕ್ಕಸಿದ್ದಮ್ಮ ಹೆದರಿದ್ದು ಇದಕ್ಕೇ. ಈ ಕರೆಗೆ ತಾಯಿ ಕೊಡುವ ಉತ್ತರ ಒಂದಿದೆ: 'ನಿನ್ನ ದನಿ ಕೇಳಿತು ಮಗನೆ'. ಕೇಳದೆ ಕೇಳಿತು ಎಂದು ಗುಡಿಯ ಮುಂದೆ ನಿಂತು ಹೇಗೆ ಹೇಳುವುದು? ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಮುಗಿಯಿತು, ಒಂದೂ ತಿಳಿಯದೆ ಅವಳು ಪಕ್ಕಕ್ಕೆ ನೋಡಿದಳು.

ಮುತ್ತನ ತುಟಿ ಆಡುತ್ತಿತ್ತು.

ಟವಲು ಹೆಗಲ ಮೇಲೇ ಇತ್ತು. ಅದನ್ನು ಬಾಯಿಗೆ ಅಡ್ಡ ಹಿಡಿಯುವ ಕೈ ಈಗ ಏಳುತ್ತಿರಲಿಲ್ಲ. ಜಾರಿದ ಪಕ್ಕದ ತುಟಿ ಸುಮ್ಮನಿತ್ತು, ಇನ್ನೊಂದು ಪಕ್ಕ, ಅರ್ಧ ಬಾಯಿ, ಸದ್ದೇ ಇಲ್ಲದೆ ಕಂಠಪ್ಪನ ಕರೆಯನ್ನು ಹೆಸರು ಹೆಸರಾಗಿ ಹೇಳುತ್ತಿತ್ತು. ಅವನ ಕಣ್ಣು ಮುಚ್ಚಿತ್ತು. ತುಟಿ ಎಲ್ಲಿದೆ ಎಂಬುದನ್ನು ಅವಳು ಹಿಡಿದಳು: ಕುಂಬಾರರ ಮನೆಯವರು ಸೇರಿದರು, ಮಡಿವಾಳರ ಮನೆಯವರು ಸೇರಿದರು, ದನ ಕರು ಸೇರಿದವು. ಅಲ್ಲಿಂದ ಅವಳಿಗೂ ಕೇಳಿಸತೊಡಗಿತು. ಹೊಗೆಯಿಂದ ಒಡೆದ ಕಂಠಪ್ಪನ ದನಿ, 'ತಾಯಿ' ಎನ್ನುವಾಗ ಎಳೆಯುವ ಅವನ ರೀತಿ. 'ಎಲ್ಲರೂ ಸೇರಿದರು ತಾಯಿ, ನೀನೊಬ್ಬಳೇ ಉಳಿದೆ. ದೋಣಿ ತಂದಿದ್ದೀನಿ, ಬಾ.'

ತುಟಿ ನಿಂತಿತು. ಮುತ್ತ ಕಣ್ಣು ತೆರೆದು, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಅವಳನ್ನು ನೋಡಿದ. ಬೈಯುವವನು ಇರಲಿಲ್ಲ.

"ನಿನ್ನ ದನಿ ಕೇಳಿತು ಮಗನೆ" ಎಂದಳು ಚಿಕ್ಕಬೀರಮ್ಮ. "ದೋಣಿ ತಿರುಗಿಸು. ಕರೆದೆಯಲ್ಲ, ಅಷ್ಟಕ್ಕೇ ನಾನು ದಡ ಸೇರಿದೆ."

ಆಟ ಮುಗಿದು ಪ್ರಸಾದ ಹಂಚಿಕೆಯಾಯಿತು. ಗೇಟಿನ ಹೊತ್ತಾಗುತ್ತದೆಂದು ಕುಳ್ಳಿ ಅವಸರ ಮಾಡಿ ಮುತ್ತನನ್ನು ಆಟೋಕ್ಕೆ ಹತ್ತಿಸಿದಳು. ಚಿಕ್ಕಬೀರಮ್ಮ ಬಗ್ಗಿ ಅವನ ಹೆಗಲ ಟವಲು ಸರಿಮಾಡಿ, "ತುಟಿ ಆಡಿಸ್ದೆ ಕಣ್ಲಾ, ನಾನ್ ನೋಡ್ದೆ" ಎಂದಳು. ಮುತ್ತ ಅರ್ಧ ನಕ್ಕ. ಆಟೋ ತಿರುವಿನಲ್ಲಿ ಮರೆಯಾಯಿತು.

"ಮುಂದ್ಲೊರ್ಸ ಎಂಗವ್ವ?" ಎಂದು ಚನ್ನಬಸವಣ್ಣ ಬಸ್ಸಿನವರೆಗೆ ಜೊತೆಗೆ ಬಂದು ಕೇಳಿದ.

"ಕಂಠಪ್ಪಣ್ಣನ ಮಾತು ಇನ್ಮೇಲೆ ಬಳಗದ್ದಾಯ್ತು ಕಣ್ರೀ. ಯಾರಾರ ಒಬ್ರು ಆಡ್ಬೇಕು."

"ಯಾರವ್ರೆ?"

ಬಸ್ಸು ಬಂತು. ಚಿಕ್ಕಬೀರಮ್ಮ ಕಿಟಕಿ ಪಕ್ಕ ಕೂತು, ಮಡಿಲಲ್ಲಿ ತೆಂಗಿನ ಹೋಳು ಇಟ್ಟುಕೊಂಡು ಹೊರಗೆ ನೋಡಿದಳು. ಕಬಿನಿಯ ನಾಲೆಯ ಗುಂಟ ಬತ್ತದ ಗದ್ದೆ ಹೊಂಬಣ್ಣಕ್ಕೆ ತಿರುಗಿತ್ತು. ಒಂದು ಕೊಕ್ಕರೆ ಬದುವಿನ ಮೇಲೆ ಒಂದೇ ಕಾಲಲ್ಲಿ ನಿಂತಿತ್ತು. ಊರು ಮುಟ್ಟಿ ಬೀಗ ತೆಗೆದರೆ ಒಳಗೆ ತಣ್ಣಗಿನ ಒಲೆ. ಅದು ಅವಳಿಗೆ ಗೊತ್ತಿತ್ತು. ಕಾರ್ತಿಕ ಮುಗಿಯಲು ಇನ್ನೂ ದಿನವಿದೆ, ಇವತ್ತೇ ಆ ಮಾತು ಮುಟ್ಟಬಹುದೋ ಇಲ್ಲವೋ ಎಂದು ಸ್ವಲ್ಪ ದೂರ ಅನುಮಾನಿಸಿದಳು. ಕೋಟೆಯ ಹತ್ತಿರ ಬಂದಾಗ, ಎಡೆ ಎತ್ತಿ ಆಯಿತಲ್ಲ ಎಂದುಕೊಂಡು, ಅಂಬಿಗನ ಕರೆಯನ್ನು ಮೊದಲ ಹೆಸರಿಂದ ಎತ್ತಿಕೊಂಡಳು. ಈಗ ಒಂದೂ ತಪ್ಪಲಿಲ್ಲ.

ಪಕ್ಕದಲ್ಲಿ ಕೂತು ಅವಳ ತುಟಿಯನ್ನೇ ನೋಡುತ್ತಿದ್ದ ಹೆಂಗಸು ಕೇಳಿದಳು: "ಏನವ್ವ, ಜಪ ಮಾಡ್ತಿದ್ದೀಯಾ?"

"ಊಂ ಕಣವ್ವ" ಎಂದಳು ಚಿಕ್ಕಬೀರಮ್ಮ. ಆಮೇಲೆ ಬಿಟ್ಟ ಹೆಸರಿನಿಂದ ಮುಂದುವರಿಸಿದಳು.